ನೀರ ಮೇಲೆ ಕಂಡಕ್ಟರ್

ನನ್ನ ಹೆಂಡತಿ ಊರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಓಡುವ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಲ್ಲುವುದು ಅವಳ ಉದ್ಯೋಗದ ಅರ್ಧಭಾಗವಾಗಿತ್ತು. ಮಿಕ್ಕ ಅರ್ಧ, ಹಾಗೆ ನಿಂತುಕೊಂಡೇ ಟಿಕೆಟ್ ಹರಿಯುವುದು, ಜಗಳ ಬಿಡಿಸುವುದು, ನಿದ್ದೆಹೋದವರನ್ನು ಅವರವರ ನಿಲ್ದಾಣದಲ್ಲಿ ಎಬ್ಬಿಸುವುದು. ಬಂದರಿನ ರಸ್ತೆಯ ದೊಡ್ಡ ತಿರುವಿನಲ್ಲಿ ಬಸ್ಸಿನೊಳಗಿನ ಜನವೆಲ್ಲ ಒಂದೇ ಪಕ್ಕಕ್ಕೆ ವಾಲುವಾಗ ಅವಳೊಬ್ಬಳು ನೆಟ್ಟಗೆ ನಿಂತಿರುತ್ತಿದ್ದಳು. ಗಾಳಿಗೆ ಬಾಗಿದ ಹುಲ್ಲಿನ ನಡುವಿನ ಕಂಬದಂತೆ ಎಂದು ಬರೆಯಬಹುದಿತ್ತು. ಆದರೆ ಕಂಬಕ್ಕೆ ಮೊಣಕಾಲುಗಳಿರುವುದಿಲ್ಲ. ಅವಳ ನಿಲುವಿನ ಗುಟ್ಟೆಲ್ಲ ಮೊಣಕಾಲುಗಳಲ್ಲಿತ್ತು. ಅವು ರಸ್ತೆಯ ಹಳ್ಳದಿಣ್ಣೆಗಳೊಡನೆ ಒಳಗೊಳಗೇ ಮಾತಾಡಿಕೊಂಡು, ಮೇಲಿನ ಮನುಷ್ಯಳಿಗೆ ಸುದ್ದಿ ಮುಟ್ಟುವ ಮೊದಲೇ ಎಲ್ಲವನ್ನೂ ಇತ್ಯರ್ಥ ಮಾಡಿಬಿಡುತ್ತಿದ್ದವು.

ಅಚ್ಚುಮನೆಯೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ ನಾನು ದಿನವೂ ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಡ್ರೈವರನ ಹಿಂದಿನ ಕಂಬಿಗೆ ಬೆನ್ನು ತೋರಿ, ನಮ್ಮೆಲ್ಲರಿಗೆ ಮುಖಮಾಡಿ ಅವಳು ನಿಲ್ಲುತ್ತಿದ್ದಳು. ನಾವು ಎದುರಿಗೆ ಬರುವ ಊರನ್ನು ನೋಡುತ್ತ ಹೋಗುತ್ತಿದ್ದೆವು. ಅವಳು ನಮ್ಮನ್ನು ನೋಡುತ್ತ ಊರನ್ನು ಬೆನ್ನಿನಿಂದ ಹಾಯುತ್ತಿದ್ದಳು. ಹೀಗೆ ಎದುರುಬದುರಾಗಿಯೇ ಒಂದೇ ದಿಕ್ಕಿಗೆ ಚಲಿಸಿದ ಇಬ್ಬರು ಕೊನೆಗೆ ಮದುವೆಯಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಂಥವಳು ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಳು. ಮುರಿದದ್ದು ಎಡಗೈಯ ಮಣಿಕಟ್ಟು ಮಾತ್ರ. ಅದು ಸಕಾಲಕ್ಕೆ ಕೂಡಿಕೊಂಡಿತು. ಕಾಲುಗಳಿಗೆ ಏನೂ ಆಗಿರಲಿಲ್ಲ. ಆದರೆ ಆ ದಿನದಿಂದ ಅವಳು ಮನೆಯೊಳಗೆ ಗೋಡೆ ಹಿಡಿದು ನಡೆಯತೊಡಗಿದಳು. ಗೋಡೆಯಿಂದ ಕಪಾಟಿಗೆ, ಕಪಾಟಿನಿಂದ ಕುರ್ಚಿಯ ಬೆನ್ನಿಗೆ, ಅಲ್ಲಿಂದ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ. ನಡುವಿನ ಖಾಲಿ ಜಾಗಗಳು ಅವಳಿಗೆ ಹೊಳೆಗಳಾದವು. ಬೇಕರಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಮನೆಯಿಂದ ಬೀದಿಗೆ ಇಳಿಯಬೇಕೆಂದರೆ ನನ್ನ ತೋಳು ಬೇಕಾಗುತ್ತಿತ್ತು. ಬರಬರುತ್ತ ಇಳಿಯುವುದನ್ನೇ ಬಿಟ್ಟಳು.

"ಮೂಳೆ ಗಟ್ಟಿಯಾಗಿದೆ," ಎಂದಿದ್ದರು ಡಾಕ್ಟರು. "ಇನ್ನು ಉಳಿದಿರೋದು ಭಯ. ಅದಕ್ಕೆ ನನ್ನ ಹತ್ರ ಬ್ಯಾಂಡೇಜ್ ಇಲ್ಲ."

ನನ್ನ ತೋಳಿನ ಮೇಲೆ ಅವಳ ಕೈಯ ಭಾರ ನನಗೆ ಅಹಿತವಾಗಿರಲಿಲ್ಲ. ಮುಪ್ಪಿನಲ್ಲಿ ಯಾರಿಗಾದರೂ ಬೇಕಾಗಿರುವುದು ಸಣ್ಣ ಸುಖವಲ್ಲ. ಆದರೆ ಕಿಟಕಿಯ ಬಳಿ ಕೂತು, ಕೆಳಗೆ ಹಾಯುವ ಬಸ್ಸುಗಳನ್ನು ಅವಳು ನೋಡುತ್ತಿದ್ದ ರೀತಿ ನನಗೆ ಸಹಿಸಲಾಗದಾಯಿತು. ದಡಕ್ಕೆ ಎಳೆದಿಟ್ಟ ದೋಣಿ ನೀರಿನ ಕಡೆ ನೋಡುವುದಿದ್ದರೆ ಹಾಗೆಯೇ ನೋಡೀತು.

ಆಗ ಬಂದವಳು ನನ್ನ ನಾದಿನಿ, ನನ್ನ ಹೆಂಡತಿಯ ತಂಗಿ. ಬಂದರಿನ ಹತ್ತಿರ ಸಣ್ಣದೊಂದು ಸಲೂನು ನಡೆಸುತ್ತಾಳೆ. ಊರಿನ ಅರ್ಧದಷ್ಟು ಹೆಂಗಸರ ತಲೆ ಅವಳ ಕೈಯಲ್ಲಿದೆ, ಹಾಗಾಗಿ ಊರಿನ ಅಷ್ಟೂ ಸುದ್ದಿ ಅವಳ ಬಾಯಲ್ಲಿದೆ. ಆ ದಿನ ಅವಳದೇ ತಲೆ ಒದ್ದೆಯಾಗಿತ್ತು. ಮೈಯಿಂದ ಉಪ್ಪುನೀರಿನ ವಾಸನೆ ಬರುತ್ತಿತ್ತು.

"ಭಾವಾ, ಟವೆಲ್ ಕೊಡಿ. ಅಕ್ಕಾ, ಟೀ ಇಡು," ಎಂದು ಒಳಗೆ ಬಂದವಳೇ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. "ನಾನು ಇವತ್ತು ಸಮುದ್ರದ ಮೇಲೆ ನಿಂತ್ಕೊಂಡೆ."

"ಸಮುದ್ರದಲ್ಲಿ ಅನ್ನು," ಎಂದೆ. ಕರಡು ತಿದ್ದಿದ ನಾಲಗೆ, ಸುಮ್ಮನಿರದು.

"ಮೇಲೆ ಭಾವಾ, ಮೇಲೆ! ಒಂದು ಉದ್ದ ಹಲಗೆ ಇರತ್ತೆ, ಅಗಲವಾಗಿ, ಇಸ್ತ್ರಿ ಮೇಜಿನ ಥರ. ಅದರ ಮೇಲೆ ನಿಂತ್ಕೊಂಡು ಉದ್ದ ಹುಟ್ಟು ಹಾಕ್ಕೊಂಡು ಹೋಗೋದು. ಅಲೆತಡೆ ಗೋಡೆ ಒಳಗಡೆ ಇದೆಯಲ್ಲ, ಆ ಪುಟ್ಟ ಕೊಲ್ಲಿ, ಅಲ್ಲಿ. ಅಲೆಯೂ ಇಲ್ಲ, ಸೆಳೆತವೂ ಇಲ್ಲ. ಹೊಸಬರಿಗೇ ಅಂತ ಕ್ಲಾಸ್ ಶುರುವಾಗಿದೆ. ಅಕ್ಕನ್ನೂ ಸೇರಿಸಿ ಬಂದೆ."

ಒಲೆಯ ಕಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ನಿಂತಿದ್ದ ನನ್ನ ಹೆಂಡತಿ ತಿರುಗಿದಳು.

"ನಿನಗೇನು ತಲೆ ಕೆಟ್ಟಿದೆಯೇನೇ? ನನಗೆ ನೆಲದ ಮೇಲೇ ನಿಲ್ಲೋಕಾಗ್ತಿಲ್ಲ. ನೀರಿನ ಮೇಲೆ ನಿಲ್ಲಿಸ್ತೀಯಾ?"

"ನೆಲ ಗಟ್ಟಿ ಅಕ್ಕ. ಬಿದ್ರೆ ಮೂಳೆ ಮುರಿಯತ್ತೆ. ನೀರಲ್ಲಿ ಬಿದ್ರೆ ಏನಾಗತ್ತೆ ಹೇಳು? ಒದ್ದೆಯಾಗ್ತೀಯ. ನೀನೇನು ಉಪ್ಪಿನ ಗೊಂಬೆನಾ ಕರಗೋಕೆ?"

"ಹಲ್ಲು ಉದುರೋ ವಯಸ್ಸಲ್ಲಿ ಈ ಕುಣಿತ ಬೇಕಾ?"

"ನಿಮ್ಮ ಕೆಳಗಡೆ ಬೇಕರಿಯವನೂ ಬರ್ತಿದಾನೆ. ಆ ಹೊಟ್ಟೆ ಇಟ್ಕೊಂಡು ಅವನೇ ಧೈರ್ಯ ಮಾಡಿದ್ಮೇಲೆ ನಿನಗೇನು?"

"ಅವನು ಮುಳುಗಲ್ಲ ಬಿಡು, ತೇಲ್ತಾನೆ."

ಮೂವರೂ ನಕ್ಕೆವು. ಅವಳು ನಕ್ಕು ಬಹಳ ದಿನವಾಗಿತ್ತು. ನಾದಿನಿ ಆ ನಗುವಿನ ಬಿರುಕಿನೊಳಗೆ ಕೂಡಲೇ ಕಾಲಿಟ್ಟಳು. ಲೈಫ್ ಜಾಕೆಟ್ ಇರುತ್ತದೆ, ನೀರು ಎದೆಮಟ್ಟ ಮಾತ್ರ, ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟಿರುತ್ತಾರೆ, ಅದು ಎಲ್ಲಿಗೂ ಓಡಿಹೋಗದು. ಕಲಿಸುವವಳು ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದ ಬಾತುಕೋಳಿ ಟೀಚರು.

ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ಬೆರಳು ತೋರಿಸಿದಳು. "ಇವರು ಬಂದ್ರೆ ಬರ್ತೀನಿ."

ಒಲ್ಲೆನೆನ್ನುವುದಕ್ಕೆ ಅವಳು ಕಂಡುಕೊಂಡ ಸಭ್ಯವಾದ ದಾರಿ ಅದು. ಸ್ನಾನದ ಬಕೆಟ್ಟಿನ ಆಚೆಗಿನ ನೀರಿಗೆ ನಾನು ಕಾಲಿಡುವವನಲ್ಲವೆಂಬುದು ಅವಳಿಗೆ ಗೊತ್ತಿತ್ತು.

"ಬರ್ತೀನಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ರಜೆಯ ಬೆಳಗು ಅದು. ಮೆಟ್ಟಿಲುಗಳನ್ನು ಅವಳು ನನ್ನ ತೋಳನ್ನು ಹಿಂಡುತ್ತ ಇಳಿದಳು. ಬೇಕರಿಯ ಒಲೆಯ ಬಿಸಿ ಗಾಳಿಯನ್ನು ದಾಟಿ, ಬಲೆ ರಿಪೇರಿಯ ಅಂಗಡಿಗಳ ಬೀದಿಯಲ್ಲಿ ಹಾದು ಕೊಲ್ಲಿಯ ದಂಡೆಗೆ ಬರುವವರೆಗೆ ಅವಳು ತಲೆಯೆತ್ತಲಿಲ್ಲ. ಪಾದದ ಮುಂದಿನ ಒಂದೊಂದು ಕಲ್ಲನ್ನೂ ಅನುಮಾನದಿಂದ ವಿಚಾರಿಸಿಕೊಳ್ಳುತ್ತ ನಡೆದಳು. ಅಲೆತಡೆ ಗೋಡೆ ಬಾಗಿದ ತೋಳಿನಂತೆ ಕೊಲ್ಲಿಯನ್ನು ಬಳಸಿತ್ತು. ಆಚೆಗೆ ಕಡಲು ತನ್ನ ಎಂದಿನ ಗದ್ದಲದಲ್ಲಿತ್ತು. ಈಚೆಗೆ ನೀರು ಓದಿ ಮುಗಿಸಿ ತೆರೆದಿಟ್ಟ ಪುಟದಂತೆ ಸುಮ್ಮನಿತ್ತು. ಕಟ್ಟಿಹಾಕಿದ ದೋಣಿಗಳು ತಮ್ಮ ಪ್ರತಿಬಿಂಬಗಳ ಮೇಲೆ ಅಲುಗದೆ ಕೂತಿದ್ದವು. ಕಣ್ಣಿಗೆ ಬಿದ್ದ ಒಂದೇ ಚಲನೆಯೆಂದರೆ ಮರಳಿನ ಮೇಲೆ ನಮ್ಮ ಕಡೆ ಉರುಳುತ್ತ ಬರುತ್ತಿದ್ದ ಬೇಕರಿಯವನು. ಅವನಿಗೆ ನನ್ನ ನಾದಿನಿ ಇಟ್ಟ ಹೆಸರು 'ಬನ್'. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಅವನು ಆ ಹೆಸರಿಗೆ ಪೂರ್ಣ ನ್ಯಾಯ ಒದಗಿಸಿದ್ದ.

"ಅಕ್ಕೋರೆ, ಬಂದ್ರಾ!" ಎಂದ ಅವನು ನನ್ನ ಹೆಂಡತಿಗೆ. "ನನಗೆ ಒಬ್ಬನೇ ಮುಳುಗೋಕೆ ಬೇಜಾರಾಗ್ತಿತ್ತು."

ಬಾತುಕೋಳಿ ಟೀಚರು ಬಿಸಿಲಿಗೆ ಸುಟ್ಟ ಮೂಗಿನ, ಗಟ್ಟಿ ಗಂಟಲಿನ ಹೆಣ್ಣುಮಗಳು. ನಮಗೆಲ್ಲ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ, ಸೊಂಟಮಟ್ಟದ ನೀರಿಗೆ ಇಳಿಸಿದಳು. ಹಲಗೆಗಳು ಅಲ್ಲಿ ಆಗಲೇ ತೇಲುತ್ತಿದ್ದವು. ಒಂದು ತುದಿ ಚೂಪು, ಅದು ಮೂತಿ. ಇನ್ನೊಂದು ತುದಿಯ ಅಡಿಯಲ್ಲಿ ಮೀನಿನ ರೆಕ್ಕೆಯಂಥದೊಂದು, ಅದು ಬಾಲ. ಆ ರೆಕ್ಕೆ ಹಿಂದಿದ್ದರೆ ಹಲಗೆ ನೆಟ್ಟಗೆ ಹೋಗುತ್ತದೆ.

"ಮೊದಲ ಪಾಠ ಬೀಳೋದು," ಎಂದಳು ಟೀಚರು. "ಯಾರೂ ನಿಲ್ಲೋ ಹಾಗಿಲ್ಲ. ಮೊದಲು ಎಲ್ಲರೂ ಬೀಳಬೇಕು. ಹಲಗೆ ಮೇಲೆ ಮಂಡಿಯೂರಿ ಕೂತ್ಕೊಳ್ಳಿ, ಪಕ್ಕಕ್ಕೆ ವಾಲಿ, ಹಲಗೆಯಿಂದ ದೂರಕ್ಕೆ ಧೊಪ್ ಅಂತ ಬೀಳಿ. ಕಲ್ಲಂಗಡಿ ಹಣ್ಣು ಬಿದ್ದ ಹಾಗೆ. ಒಮ್ಮೆ ಬಿದ್ದವರಿಗೆ ಆಮೇಲೆ ಹೆದರಿಕೆ ಇರಲ್ಲ."

ಬನ್ ಮೊದಲು ಬಿದ್ದ. ಕೊಲ್ಲಿಯ ಮಟ್ಟ ಏರಿದಂತೆ ನಮಗೆಲ್ಲ ಅನಿಸಿತು. ನಾದಿನಿ ಕಿರುಚುತ್ತ ಬಿದ್ದಳು. ನಾನು ನನ್ನ ಹಲಗೆಯ ಮೇಲೆ ಮಂಡಿಯೂರುವ ಪ್ರಯತ್ನದಲ್ಲೇ ಬಿದ್ದುಬಿಟ್ಟೆ. ಮೂಗಿಗೆ ಉಪ್ಪುನೀರು ನುಗ್ಗಿ ಹೊರಬಂದಾಗ ಟೀಚರು, "ಅಜ್ಜನ ಪಾಠ ಆಯ್ತು," ಎಂದಳು.

ನನ್ನ ಹೆಂಡತಿ ಬೀಳಲಿಲ್ಲ. ಹಲಗೆಯ ಮೇಲೆ ಕವುಚಿ ಮಲಗಿ, ತೆವಳಿ, ಹೇಗೋ ಮಂಡಿಯೂರಿ ಕೂತವಳು ಎರಡೂ ಕೈಗಳಿಂದ ಅಂಚುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ತುಟಿ ಬೆಳ್ಳಗಾಗಿತ್ತು.

"ಬೀಳಿ ಅಮ್ಮಾ," ಎಂದಳು ಟೀಚರು, ಮೆಲ್ಲಗೆ.

"ನಾನು ಆಗಲೇ ಬಿದ್ದಿದೀನಮ್ಮ. ಮನೇಲಿ. ಇನ್ನೊಂದು ಸಲ ಬೀಳಲ್ಲ."

ಟೀಚರು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಒತ್ತಾಯಿಸಲಿಲ್ಲ; ಸುಮ್ಮನೆ, "ಸರಿ, ಕೂತೇ ಇರಿ. ಕೂತವರಿಗೂ ಕೊಲ್ಲಿ ಚಂದಾನೇ ಕಾಣತ್ತೆ," ಎಂದಳು. ನಾನು ನನ್ನ ಹಲಗೆಯನ್ನು ದಂಡೆಗೆ ಎಳೆದಿಟ್ಟು ಬಂದು ಹೆಂಡತಿಯ ಹಲಗೆಯ ಮೂತಿ ಹಿಡಿದು ನಿಂತೆ. ಟೀಚರು ಒಂದು ಹುಟ್ಟನ್ನು ತಂದು ಅವಳ ಮಡಿಲಲ್ಲಿಟ್ಟು ಹೋದಳು.

"ಬಿಡಬೇಡಿ," ಎಂದಳು ನನ್ನವಳು.

"ಬಿಡಲ್ಲ."

"ಮಾತು ಕೊಡಿ."

"ಬಿಡಲ್ಲ ಕಣೇ."

ಹೀಗೆ ನಾವಿಬ್ಬರೂ ಬಹಳ ಹೊತ್ತು ಇದ್ದೆವು. ಅವಳು ಮಂಡಿಯೂರಿ, ನಾನು ನೀರಿನಲ್ಲಿ ನಿಂತು, ಮುಖಾಮುಖಿಯಾಗಿ. ಬಿಸಿಲು ನೀರನ್ನು ತೂರಿ ತಳದ ಮರಳಿನ ಮೇಲೆ ಬೆಳಕಿನ ಬಲೆಯೊಂದನ್ನು ಬೀಸಿತ್ತು. ಬೆರಳುದ್ದದ ಮೀನುಗಳ ಗುಂಪೊಂದು ನನ್ನ ಕಾಲುಗಳನ್ನು ಎರಡು ಹಳೆಯ ಮರಗಳೆಂದು ಭಾವಿಸಿ ಸುತ್ತು ಹಾಕಿತು.

"ನೋಡೇ, ಮೀನು," ಎಂದೆ.

ಅವಳು ಅಂಚಿನಿಂದ ಒಂದಿಷ್ಟು ಬಾಗಿ ನೋಡಿದಳು. ಒಂದು ಕೈಯ ಹಿಡಿತ ಸಡಿಲಾಯಿತು.  ಅವಳು ಬೆರಳ ತುದಿಯಿಂದ ನೀರನ್ನು ಮುಟ್ಟಿದಳು.

"ಬೆಚ್ಚಗಿದೆ," ಎಂದಳು, ಆಶ್ಚರ್ಯದಿಂದ. ಯಾರೋ ತನಗೆ ಸುಳ್ಳು ಹೇಳಿದ್ದರು ಎಂಬಂತೆ.

ಅಷ್ಟರಲ್ಲಿ ಅವಳ ಹಿಂದಿನಿಂದ ಗದ್ದಲ ಎದ್ದಿತು. ನಿಲ್ಲಲು ಹೋಗಿ ಬಿದ್ದ ಬನ್, ತನ್ನ ಹಲಗೆಯನ್ನು ಬಿಟ್ಟು ನಾದಿನಿಯ ಹಲಗೆಯನ್ನು ಅಪ್ಪಿಕೊಂಡಿದ್ದ. ಅದರ ಮೇಲೆ ಆಗಷ್ಟೇ ನೆಟ್ಟಗಾಗಿದ್ದ ನಾದಿನಿ ಜೋರಾಗಿ ತೂಗಾಡುತ್ತಿದ್ದಳು.

"ಬಿಡ್ರೀ ನನ್ನ ಬೋರ್ಡು! ನಿಮ್ದು ಅಲ್ಲಿದೆ, ಅಲ್ಲಿ!"

"ಅದು ಹಗ್ಗದ ಆ ತುದೀಲಿದೆ ತಾಯಿ, ಇದು ಹತ್ರ ಇದೆ!"

"ಭಾವಾ! ಈ ಮನುಷ್ಯನ್ನ ಬಿಡಿಸಿ ಭಾವಾ!"

ಟೀಚರು ಕೊಲ್ಲಿಯ ಇನ್ನೊಂದು ತುದಿಯಲ್ಲಿ ಕ್ಲಾಸಿನ ಬೇರೊಬ್ಬರ ಕೈತಪ್ಪಿದ ಹುಟ್ಟನ್ನು ಹಿಡಿದು ತರುತ್ತಿದ್ದಳು. ಹತ್ತಿರವಿದ್ದವನು ನಾನೊಬ್ಬನೇ. ಕೂಗಿ ಕರೆದರೆ ಓಡುವುದು ನನ್ನ ಸ್ವಭಾವ; ಕೊಟ್ಟ ಮಾತನ್ನು ಮರೆತು, ಹಲಗೆಯ ಮೂತಿಯನ್ನು ಬಿಟ್ಟು, ನೀರನ್ನು ತಳ್ಳಿಕೊಂಡು ಅವರ ಕಡೆ ಹೊರಟೆ. ಅರ್ಧ ದಾರಿಯಲ್ಲಿ ಅದು ನೆನಪಾಗಿ ನಿಂತೆ.

ಆಗಲೇ ಕೇಳಿಸಿತು ಆ ದನಿ.

"ಏನ್ರೀ ಅದು ಗಲಾಟೆ ಹಿಂದುಗಡೆ?"

ಬಸ್ಸಿನ ಎಂಜಿನ್ನಿನ ಮೇಲೆ, ಮಳೆಯ ಸದ್ದಿನ ಮೇಲೆ, ಶಾಲೆ ಬಿಟ್ಟ ಮಕ್ಕಳ ಕಿರುಚಾಟದ ಮೇಲೆ ಕೇಳಿಸುವುದಕ್ಕೆಂದೇ ಪಳಗಿದ ದನಿ. ಮನೆಯ ಗೋಡೆಗಳ ನಡುವೆ ವರ್ಷವಿಡೀ ಮಡಚಿಟ್ಟಿದ್ದ ಆ ದನಿ ಈಗ ಇಡೀ ಕೊಲ್ಲಿಯ ಮೇಲೆ ಹರಡಿತು. ಬನ್ ಬಾಯಿ ಮುಚ್ಚಿದ. ನಾದಿನಿ ತೂಗಾಡುವುದನ್ನೂ ನಿಲ್ಲಿಸಿದಳು. ನಾನು ತಿರುಗಿ ನೋಡಿದೆ.

ಅವಳು ನಿಂತಿದ್ದಳು.

ಹಲಗೆಯ ನಟ್ಟನಡುವೆ, ಪಾದಗಳನ್ನು ಭುಜದಗಲಕ್ಕೆ ಊರಿ, ಮೊಣಕಾಲುಗಳನ್ನು ತುಸುವೇ ಸಡಿಲಬಿಟ್ಟು, ಯಾವುದನ್ನೂ ಹಿಡಿಯದೆ ನಿಂತಿದ್ದಳು. ಹಿಂದುಗಡೆ ಜಗಳವಾದಾಗ ಎದ್ದು ನೋಡುವುದು ಅವಳ ಕಾಲುಗಳಿಗೆ ಗೊತ್ತಿತ್ತು. ಅವು ಅವಳ ಅಪ್ಪಣೆ ಕೇಳಿರಲಿಲ್ಲ. ಹುಟ್ಟು ಅವಳ ಕಂಕುಳಲ್ಲಿತ್ತು, ಹಿಂದೆ ಟಿಕೆಟ್ಟಿನ ಚೀಲ ಇರುತ್ತಿದ್ದ ಹಾಗೆ.

"ಬನ್... ಛೆ, ಬೇಕರಿಯವರೇ, ಕೈ ಬಿಡಿ ಅವಳ ಹಲಗೆ. ನಿಮ್ಮ ಜಾಗಕ್ಕೆ ಹೋಗಿ. ದಾರಿ ಮಧ್ಯ ನಿಂತ್ರೆ ಬೇರೆಯವರು ಹೆಂಗ್ರೀ ಹೋಗ್ಬೇಕು?"

"ಹೋದೆ ಅಕ್ಕೋರೆ," ಎಂದ ಬನ್, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಂತೆ.

"ಮತ್ತೆ ನೀನು! ದೊಡ್ಡವರ ಹತ್ರ ಹಾಗೆ ಕಿರುಚ್ತಾರೇನೇ?"

ನಾದಿನಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಕ್ಕನನ್ನು ನೋಡುತ್ತಿದ್ದಳು. ನೀನು ಈಗ ನಿಂತಿದ್ದೀಯ ಎಂದು ನನ್ನ ಹೆಂಡತಿಗೆ ಯಾರೂ ಹೇಳುವ ಹಾಗಿರಲಿಲ್ಲ. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಬಾರದಂತೆ. ನಾವೆಲ್ಲ ಆ ನಿಯಮಕ್ಕೆ ಒಳಗಾದೆವು.

ದೂರದಲ್ಲಿದ್ದ ಟೀಚರಿಗೆ ಮಾತ್ರ ಇದಾವುದೂ ತಿಳಿಯದು. "ಭೇಷ್ ಅಮ್ಮಾ!" ಎಂದು ಕೂಗಿದಳು. "ಈಗ ಹುಟ್ಟು ಹಾಕಿ! ಮುಂದಕ್ಕೆ ನೋಡಿ, ಮುಂದಕ್ಕೆ!"

ನನ್ನ ಹೆಂಡತಿ ಹುಟ್ಟನ್ನು ನೀರಿಗಿಳಿಸಿ ಎಳೆದಳು. ಹಲಗೆ ಚಲಿಸಿತು. ಆದರೆ ಚಲಿಸಿದ್ದು ನಮ್ಮ ಕಡೆಗೆ; ಅದೂ ನೆಟ್ಟಗಲ್ಲ. ಒಮ್ಮೆ ಎಡಕ್ಕೆ ತಿರುಗಿತು, ಇನ್ನೊಮ್ಮೆ ಎಳೆದರೆ ಬಲಕ್ಕೆ, ಮತ್ತೊಮ್ಮೆ ಎಳೆದರೆ ಪೂರ್ತಿ ಒಂದು ಸುತ್ತು ಬಂದು ಹೊರಟಲ್ಲೇ ನಿಂತಿತು. ಆಗ ನಮಗೆ ಅರ್ಥವಾಯಿತು. ಅವಳು ಹಲಗೆಯ ಬಾಲದ ಕಡೆಗೆ ಮುಖಮಾಡಿ ನಿಂತಿದ್ದಳು. ರೆಕ್ಕೆ ಹಿಂದಿರಬೇಕಾದಲ್ಲಿ ಮುಂದಿತ್ತು. ಜೀವಮಾನವಿಡೀ ಯಾವ ರೀತಿ ಪ್ರಯಾಣ ಮಾಡಿದ್ದಳೋ ಅದೇ ರೀತಿ, ವಾಹನದ ಮೂತಿಗೆ ಬೆನ್ನುಹಾಕಿ, ಜನರಿಗೆ ಮುಖಕೊಟ್ಟು.

"ಅಮ್ಮಾ, ಉಲ್ಟಾ ನಿಂತಿದೀರ!" ಟೀಚರು ಹತ್ತಿರ ಬರುತ್ತ ಕೂಗಿದಳು. "ಮುಂದಕ್ಕೆ ನೋಡಿ ಅಂದೆ!"

"ಮುಂದಕ್ಕೇ ನೋಡ್ತಿದೀನಲ್ಲಮ್ಮ!" ಅವಳ ದನಿಯಲ್ಲಿ ನ್ಯಾಯವಾದ ಸಿಡುಕಿತ್ತು. "ಜನ ಎಲ್ಲಾ ಈ ಕಡೆ ಇದಾರೆ. ಆ ಕಡೆ ಯಾರಿದಾರೆ?"

ಬನ್ ಮೊದಲು ನಕ್ಕ. ಆಮೇಲೆ ನಾದಿನಿ, ಆಮೇಲೆ ನಾನು, ಕೊನೆಗೆ ಟೀಚರು. ಕೊಲ್ಲಿಯ ತುಂಬ ನಗು ತುಳುಕಿತು. ಯಾಕೆ ನಗುತ್ತಿದ್ದಾರೆಂದು ನೋಡಲು ಅವಳು ತಲೆ ಬಗ್ಗಿಸಿದಳು. ಪಾದಗಳನ್ನು ಕಂಡಳು. ಪಾದಗಳ ಕೆಳಗಿನ ಹಲಗೆಯನ್ನು, ಹಲಗೆಯ ಕೆಳಗಿನ ಹಸಿರು ಆಳವನ್ನು ಕಂಡಳು. ಅವಳ ಮುಖದಿಂದ ಕಂಡಕ್ಟರ್ ಇಳಿದು ಹೋದಳು. ಎಡಗೈ ಪಕ್ಕಕ್ಕೆ ಚಾಚಿತು. ಅಲ್ಲಿ ಗೋಡೆಯಿರಬೇಕಿತ್ತು, ಕುರ್ಚಿಯ ಬೆನ್ನಿರಬೇಕಿತ್ತು, ನನ್ನ ತೋಳಿರಬೇಕಿತ್ತು. ಅಲ್ಲಿ ಗಾಳಿ ಮಾತ್ರ ಇತ್ತು.

"ರೀ..." ಎಂದಳು.

ಬಿದ್ದಳು.

ನೀರು ಅವಳ ಮೇಲೆ ಮುಚ್ಚಿಕೊಂಡಿತು. ನನ್ನ ಕಾಲುಗಳು ನೀರಿನಲ್ಲಿ ಓಡಲಾರದೆ ಓಡಿದವು. ಕನಸಿನಲ್ಲಿ ಓಡುವವನಿಗೆ ಆಗುವಂಥದೇ ಅದು, ಎದೆ ಮುಂದೆ, ಕಾಲು ಹಿಂದೆ. ಖಾಲಿ ಹಲಗೆ ಏನೂ ಆಗಿಲ್ಲವೆಂಬಂತೆ ತೂಗಿತು. ಆ ಕ್ಷಣ ಎಷ್ಟು ಉದ್ದವಿತ್ತೆಂದು ಹೇಳಲಾರೆ. ಬಚ್ಚಲಿನಿಂದ ಕೇಳಿಬಂದಿದ್ದ ಆ ಹಳೆಯ ಸದ್ದು, ಆಸ್ಪತ್ರೆಯ ಬೆಂಚು, ಗೋಡೆಯ ಮೇಲೆ ಅವಳ ಬೆರಳುಗಳು ಮೂಡಿಸಿದ ಮಾಸಲು ಹಾದಿ, ಎಲ್ಲವೂ ಅದರೊಳಗೆ ಹಿಡಿಸಿದವು.

ಜಾಕೆಟ್ಟು ಅವಳನ್ನು ಎತ್ತಿ ಹೊರಗಿಟ್ಟಿತು. ಬಿಳಿಗೂದಲು ಹಣೆಗೆ ಅಂಟಿತ್ತು. ಕೆಮ್ಮಿದಳು. ಉಗುಳಿದಳು. ಕಾಲೂರಿದಳು, ನೀರು ಎದೆಯವರೆಗೆ ಮಾತ್ರ ಬಂತು. ಕಣ್ಣುಜ್ಜಿ ನಮ್ಮೆಲ್ಲರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. 

"ಇಷ್ಟೇನಾ?" ಎಂದಳು.

ಟೀಚರು ಏನೋ ಹೇಳಹೊರಟಳು.

"ಇರಮ್ಮ. ಬೀಳೋದು ಅಂದ್ರೆ ಇಷ್ಟೇನಾ?" ಅವಳು ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ತಿರುವಿ ನೋಡಿದಳು. ಅಲ್ಲಿ ಎಲ್ಲವೂ ಅದರದರ ಜಾಗದಲ್ಲಿತ್ತು. "ರೀ, ನಾನು ಬಿದ್ದೆ ಕಣ್ರೀ! ನೋಡಿದ್ರಾ? ಪೂರ್ತಿ ಬಿದ್ದೆ! ಇದಕ್ಕಾ ನಾನು ಒಂದು ವರ್ಷ ಗೋಡೆ ಹಿಡ್ಕೊಂಡು ಓಡಾಡಿದ್ದು?"

ಆಮೇಲೆ ನಕ್ಕಳು. ಆ ನಗುವನ್ನು ಬಣ್ಣಿಸುವ ಆಸೆಯನ್ನು ಬಿಟ್ಟುಕೊಡುತ್ತೇನೆ. ಕೆಲವು ಸಂಗತಿಗಳು ಹೋಲಿಕೆಯನ್ನು ಮೈಮೇಲೆ ಕೂರಿಸಿಕೊಳ್ಳುವುದಿಲ್ಲ, ನೀರಿನಿಂದ ಎದ್ದ ನಾಯಿಯಂತೆ ಕೊಡವಿಬಿಡುತ್ತವೆ. ನಾದಿನಿ ಹಲಗೆಯಿಂದ ಜಿಗಿದು ಬಂದು ಅಕ್ಕನನ್ನು ತಬ್ಬಿಕೊಂಡಳು; ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಒದ್ದೆ ಮುಖದ ಮೇಲೆ ಬೇರ್ಪಡಿಸುವುದು ಸಾಧ್ಯವಿರಲಿಲ್ಲ.

"ಬಿಡೇ, ಬಿಡೇ. ಇನ್ನೊಂದು ಸಲ ಬೀಳ್ತೀನಿ."

ಬಿದ್ದಳು. ಹಲಗೆ ಹತ್ತಿ ಎಡಕ್ಕೆ ಬಿದ್ದಳು, ಬಲಕ್ಕೆ ಬಿದ್ದಳು, ಹಿಮ್ಮುಖವಾಗಿ ತೋಳು ಚೆಲ್ಲಿ ಬಿದ್ದಳು. ಕೂಡಿಟ್ಟ ಭಯವನ್ನೆಲ್ಲ ಒಂದೇ ಬೆಳಿಗ್ಗೆ ಖರ್ಚು ಮಾಡಿಬಿಡುವ ಹಟ ತೊಟ್ಟವಳಂತೆ ಬಿದ್ದಳು. ಪ್ರತಿ ಸಲವೂ ಬನ್ ದಂಡೆಯ ಕಡೆಯಿಂದ, "ಅಕ್ಕೋರೆ, ಇದು ಚೆನ್ನಾಗಿತ್ತು," "ಇದರಲ್ಲಿ ಸ್ವಲ್ಪ ಸದ್ದು ಕಮ್ಮಿ," ಎಂದು ತೀರ್ಪು ಕೊಟ್ಟ. "ನಿಮ್ಮಷ್ಟು ಸದ್ದು ಮಾಡೋಕೆ ನಾನು ಎಷ್ಟು ಬ್ರೆಡ್ ತಿನ್ನಬೇಕೋ," ಎಂದು ಅವಳು ತಿರುಗೇಟು ಕೊಟ್ಟಳು.

ಕೊನೆಗೆ ಟೀಚರು ಅವಳ ಹಲಗೆಯನ್ನು ಹಿಡಿದು ನಿಲ್ಲಿಸಿದಳು. "ಅಮ್ಮಾ, ಬೀಳೋದ್ರಲ್ಲಿ ಪಾಸ್. ಈಗ ಮೂತಿ ಕಡೆ ತಿರುಗಿ ನಿಂತ್ಕೊಳ್ಳಿ."

"ಆ ಕಡೆ ಏನು ನೋಡ್ಲಿ? ಯಾರೂ ಇಲ್ವಲ್ಲ."

"ಯಾರೂ ಇಲ್ದೇ ಇರೋದನ್ನೇ ನೋಡಿ. ನೀರಿದೆ, ದೋಣಿ ಇದೆ, ಆ ದೂರದ ಗೆರೆ ಇದೆ. ಇಷ್ಟು ವರ್ಷ ನೀವು ಎಲ್ಲರನ್ನೂ ನೋಡ್ಕೊಂಡ್ರಿ. ಈಗ ನಾವು ನಿಮ್ಮನ್ನ ನೋಡ್ಕೋತೀವಿ, ಹೋಗಿ."

ಅವಳು ಒಂದು ಗಳಿಗೆ ಯೋಚಿಸಿದಳು. ಮಂಡಿಯಿಂದ ಒಂದು ಪಾದ, ಆಮೇಲೆ ಇನ್ನೊಂದು, ಹಾಗೆ ಎದ್ದು ನಿಂತಳು. ಹುಟ್ಟನ್ನು ಉದ್ದಕ್ಕೆ ಚಾಚಿ ನೀರಿನಲ್ಲಿ ನೆಟ್ಟು ಎಳೆದಳು. ಹಲಗೆ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು ಮಾಡಿ ನೆಟ್ಟಗೆ ಹೊರಟಿತು.

ಚಲಿಸುವ ವಾಹನದ ಮೇಲೆ ನನ್ನ ಹೆಂಡತಿಯ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೋಗುತ್ತಿದ್ದಳು. ಕಿತ್ತಳೆ ಜಾಕೆಟ್ಟು ದೋಣಿಗಳ ನೀಲಿ ಕೆಂಪು ಬದಿಗಳ ನಡುವೆ ಹಾಯುತ್ತ ಚಿಕ್ಕದಾಗುತ್ತ ಹೋಯಿತು. ದೋಣಿಗಳ ಒಡಲಿಗೆ ಅಂಟಿದ ಚಿಪ್ಪುಗಳನ್ನು ಬಾಗಿ ನೋಡಿದಳು. ಲಂಗರಿನ ಹಗ್ಗದ ಮೇಲೆ ಕೂತ ಹಕ್ಕಿಯೊಂದು ಅವಳನ್ನು ಕಂಡು ಹಾರುವುದೋ ಬೇಡವೋ ಎಂದು ಯೋಚಿಸಿ ಕೂತೇ ಇತ್ತು. ಅಷ್ಟು ನಿಶ್ಶಬ್ದವಾದ ವಾಹನ ಅದು. ಆಚೆ ಗೋಡೆಯ ನೆರಳಿನ ಹತ್ತಿರ ಅವಳು ಹುಟ್ಟನ್ನು ಅಡ್ಡವಾಗಿ ಹಿಡಿದು ಸುಮ್ಮನೆ ನಿಂತಳು. ಏನನ್ನು ನೋಡಿದಳೋ ತಿಳಿಯದು; ಕೇಳಲಿಲ್ಲ, ಕೇಳುವುದೂ ಇಲ್ಲ. ನನ್ನ ತೋಳು ಹಗುರವಾಗಿತ್ತು. ಒಂದು ಕ್ಷಣ ಆ ಹಗುರವೇ ಒಂದು ನೋವಿನ ಹಾಗೆ ತೋರಿ, ಮರುಕ್ಷಣ, ಹಗುರವಾಗಿಯೇ ಕಂಡಿತು.

ಅವಳು ವಾಪಸು ಬಂದದ್ದು ನನ್ನನ್ನು ಹುಡುಕಿಕೊಂಡು.

"ನಿಮ್ಮ ಹಲಗೆ ಎಲ್ರೀ?"

"ದಂಡೆ ಮೇಲೆ. ನನ್ನ ಪಾಠ ಆಯ್ತಂತೆ."

"ಯಾರು ಹೇಳಿದ್ದು? ಬನ್ನಿ."

"ನನ್ನ ವಯಸ್ಸು..."

"ನಿಮಗಿಂತ ನಾನೇನು ಎಳೆಮಗುವಾ? ಹತ್ತಿ."

ನಾದಿನಿಯೂ ಬನ್‌ನೂ ನನ್ನ ಹಲಗೆಯನ್ನು ಮೆರವಣಿಗೆಯ ಹಾಗೆ ಎಳೆದು ತಂದರು. "ಭಾವಾ, ಕೊನೆಕೊನೆಗೆ ಅಕ್ಕ ಬೆಕ್ಕಿನ ಥರ ಹತ್ತಿದ್ಳು. ನೀವು ಮಂಚ ಹತ್ತೋ ಹಾಗೆ ಹತ್ತಬೇಡಿ," ಎಂದಳು ನಾದಿನಿ. ಹೆಂಡತಿ ತನ್ನ ಹಲಗೆಯಿಂದ ಇಳಿದು, ನೀರಿನಲ್ಲಿ ನಿಂತು, ನನ್ನ ಹಲಗೆಯ ಅಂಚನ್ನು ಹಿಡಿದಳು. ನಾನು ಕವುಚಿದೆ, ತೆವಳಿದೆ, ಮಂಡಿಯೂರಿದೆ. ಒಂದು ಪಾದ ಊರಿದೆ. ಇನ್ನೊಂದನ್ನು ಊರುವ ಮೊದಲು ಬಹಳ ಯೋಚಿಸಿದೆ. ಕೊನೆಗೆ ಎದ್ದೆ, ಎದ್ದೆನೆನ್ನುವುದು ಅತಿಶಯ, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿ ನಿಂತೆ.

ಕಣ್ಣು ನನ್ನ ಪಾದಗಳ ಮೇಲೆಯೇ ಇತ್ತು. ಬದುಕಿಡೀ ಅಂಗೈಯಗಲದ ಕಾಗದದ ಮೇಲೆ ಬಗ್ಗಿದ ಕತ್ತು ಅದು, ಸುಲಭಕ್ಕೆ ಏಳದು.

"ಕೆಳಗೇನು ತಪ್ಪು ಹುಡುಕ್ತಿದೀರಾ?" ಎಂದಳು ಅವಳು. "ತಲೆ ಎತ್ತಿ."

ಎತ್ತಿದೆ. ಕೊಲ್ಲಿಯ ಆಚೆ ಊರು ನಿಂತಿತ್ತು. ಪರಿಚಯವಿದ್ದ ಊರೇ, ಆದರೆ ನೀರಿನ ಮೇಲಿನಿಂದ ಅದು ಬೇರೆಯಾಗಿತ್ತು. ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗಳು ಕೈಬೀಸುತ್ತಿದ್ದವು. ಕಿಟಕಿಯ ಗಾಜುಗಳು ಒಂದಾದ ಮೇಲೊಂದರಂತೆ ಹೊಳೆದವು. ಕಾಲಡಿಯಲ್ಲಿ ಏನೋ ಜೀವವಿದ್ದದ್ದು ನಿಧಾನ ಉಸಿರಾಡುತ್ತಿತ್ತು. ನನ್ನ ಮೊಣಕಾಲುಗಳು ಅದರ ಮಾತನ್ನು ಅಕ್ಷರ ಕೂಡಿಸಿ ಓದಲು ಹೆಣಗುತ್ತಿದ್ದವು.

"ಬಿಡ್ಲಾ?" ಎಂದಳು.

"ಇರು, ಇರು. ಇನ್ನೊಂದು ಸ್ವಲ್ಪ."

"ಎಷ್ಟು ಹೊತ್ತು?"

"ಇನ್ನೊಂದು ಸ್ವಲ್ಪ ಕಣೇ."

"ಭಾವಾ, ನಾಳೆ ನಾನು ಅಂಗಡಿ ತೆಗೀಬೇಕು," ಎಂದಳು ನಾದಿನಿ.

ಹೆಂಡತಿ ಅಂಚನ್ನು ಹಿಡಿದೇ ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳಿಸದಂತೆ, ಗುಟ್ಟು ಹೇಳುವವಳ ಹಾಗೆ ದನಿ ಇಳಿಸಿದಳು. ಅವಳ ಕಣ್ಣೆವೆಗಳ ಮೇಲೆ ಉಪ್ಪು ಒಣಗಿತ್ತು.

"ಬೀಳಿ ರೀ. ತುಂಬಾ ಚೆನ್ನಾಗಿರತ್ತೆ."

ನನಗೆ ನಗು ಬಂತು. ನಗುವವನು ಹಲಗೆಯ ಮೇಲೆ ನಿಲ್ಲಲಾರ. ಊರು ಒಮ್ಮೆ ಓರೆಯಾಯಿತು, ಆಕಾಶ ಕಾಲಿನ ಕಡೆಗೆ ಬಂತು, ಬೆಚ್ಚಗಿನ ಹಸಿರೊಂದು ನನ್ನನ್ನು ಪೂರ್ತಿಯಾಗಿ ಒಳಗೆ ತೆಗೆದುಕೊಂಡಿತು. ಮೇಲೆ ಎಲ್ಲೋ ಅವಳು ಎರಡೂ ಕೈಗಳಿಂದ ಚಪ್ಪಾಳೆ ತಟ್ಟುತ್ತಿದ್ದದ್ದು ನೀರಿನೊಳಕ್ಕೂ ಕೇಳಿಸುತ್ತಿತ್ತು.